ನಾಲ್ಕು-ಆರು-ಸೊನ್ನೆಯ ಮಾಮಾ

ನನ್ನ ಸೋದರಮಾವ ಮನುಷ್ಯರನ್ನು ಗಾಲಿ ಎಣಿಸಿ ಗುರುತಿಸುತ್ತಾರೆ! ನಗಬೇಡಿ, ಒಂದು ದಿನ ನಿಮ್ಮನ್ನೂ ಎಣಿಸಿಯಾರು. ಹೆಸರು, ಹುದ್ದೆ, ಅಡ್ಡಹೆಸರು ಇವೆಲ್ಲ ಅವರ ತಲೆಯಲ್ಲಿ ನಿಲ್ಲುವುದೇ ಇಲ್ಲ. ದಹಿಸರ್‌ನಲ್ಲಿರುವ ಅವರ ಬಿಲ್ಡಿಂಗ್‌ನ ಸೊಸೈಟಿ ಸೆಕ್ರೆಟರಿ ಅವರ ಪಾಲಿಗೆ ಬರೀ 'ಶಂಟಿಂಗ್ ಎಂಜಿನ್', ಏಕೆಂದರೆ ಆತ ಇಡೀ ದಿನ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾನೆ, ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ. ನನಗೆ ಹೆಣ್ಣು ನೋಡಲು ಡೊಂಬಿವಲಿಗೆ ಹೋದಾಗ ಹುಡುಗಿ ಚಹಾದ ಟ್ರೇ ಹಿಡಿದು ಇನ್ನೂ ಹೊಸ್ತಿಲು ದಾಟಿರಲಿಲ್ಲ, ಮಾಮಾ ತುಂಬಿದ ಮನೆಯಲ್ಲಿ "ಎರಡು-ಎಂಟು-ಸೊನ್ನೆ!" ಎಂದು ಸಾರಿಬಿಟ್ಟರು. ಪಾಪ, ಹುಡುಗಿಯ ತಂದೆ ಇದೇನೋ ಜಾತಕದ ಲೆಕ್ಕ ಇರಬೇಕೆಂದುಕೊಂಡು ಗಾಬರಿಯಿಂದ ಕೇಳಿದರು:

"ಅಂದ್ರ ಶುಭ ಐತೇನ್ರೀ?"

"ಭಾಳ ಶುಭ ಐತ್ರೀ! ಗೂಡ್ಸ್ ಎಂಜಿನ್. ಎಷ್ಟ ಡಬ್ಬಿ ಕಟ್ಟಿದ್ರೂ ತಕರಾರಿಲ್ಲದ ಎಳೀತೈತಿ."

ಆ ಹುಡುಗಿ ಇಂದು ನನ್ನ ಹೆಂಡತಿ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಬಿಟ್ಟರೆ ಸಾಕು, "ಬಿಡ್ರಿ, ನಾ ಹೆಂಗೂ ಗೂಡ್ಸ್ ಎಂಜಿನ್ ಅಲ್ಲೇನು? ಎಳೀತೀನಿ" ಅನ್ನುತ್ತಾಳೆ. ಅಂದು ನಾನು ನಾಚಿಕೆಯಿಂದ ಚಹಾದ ಬಶಿಯೊಳಗೆ ಮುಖ ಹುದುಗಿಸಿ ಕೂತಿದ್ದೆ. ನನ್ನ ಆಯುಷ್ಯದ ಅರ್ಧ ಭಾಗ ಹೀಗೆ ಮಾಮಾನ ಪಕ್ಕದಲ್ಲಿ ಮುಖ ಹುದುಗಿಸಲು ಜಾಗ ಹುಡುಕುವುದರಲ್ಲೇ ಕಳೆದಿದೆ.

ಈ ಗಾಲಿಗಳ ಹುಚ್ಚು ಎಲ್ಲಿಂದ ಬಂತು ಎಂದು ಹೇಳಬೇಕಲ್ಲ! ಮಾಮಾ ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು, ಪರೇಲ್‌ನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ಫಿಟರ್ ಆಗಿದ್ದವರು. ಅಲ್ಲಿ ಅವರ ಕೈಗೆ ಬಿದ್ದದ್ದು ಬ್ರಿಟಿಷರ ಕಾಲದ ಒಂದು ಜಾತಿಯ ಉಗಿ ಎಂಜಿನ್. ಹಿಂದುಸ್ತಾನದ ರೈಲುಗಳಿಗೆಲ್ಲ ಒಂದೇ ಮಾದರಿ ಇರಲಿ ಎಂದು ವಿಲಾಯತಿಯಲ್ಲಿ ಕಮಿಟಿ ಕೂತು ಅದರ ನಕ್ಷೆ ಬರೆಸಿತಂತೆ. ಮುಂದೆ ದಾರಿ ತೋರಿಸಲು ನಾಲ್ಕು ಸಣ್ಣ ಗಾಲಿ, ನಡುವೆ ಎಳೆಯಲು ಆರು ದೊಡ್ಡ ಗಾಲಿ, ಹಿಂದೆ ಏನೂ ಇಲ್ಲ. ಅದಕ್ಕೇ ನಾಲ್ಕು-ಆರು-ಸೊನ್ನೆ. ಪ್ಯಾಸೆಂಜರ್ ಗಾಡಿಯ ಎಂಜಿನ್. ಮಾಮಾನ ಪ್ರಕಾರ ದೇವರು ಆರು ದಿನ ಜಗತ್ತನ್ನು ಮಾಡಿ ಏಳನೆಯ ದಿನ ವಿಶ್ರಾಂತಿ ತೆಗೆದುಕೊಳ್ಳಲಿಲ್ಲ, ಇದರ ಫೈರ್‌ಬಾಕ್ಸ್ ಮಾಡಿದ!

"ನಕ್ಷಿ ಬರದವ್ರು ನಮ್ಮ ಧೂಳು ಕಂಡಿದ್ದಿಲ್ಲ, ನಮ್ಮ ಕಲ್ಲಿದ್ದಲಿ ಕಂಡಿದ್ದಿಲ್ಲ" ಎಂದು ಅವರು ಭಾಷಣ ಶುರು ಮಾಡುತ್ತಿದ್ದರು. "ಅವ್ರು ಕಾಗದದ ಮ್ಯಾಲೆ ಬರದ್ರು. ಓಡಿಸಿದವ್ರು ನಾವು. ಅವ್ರು ಹೋದ ಮ್ಯಾಲೂ ಓಡಿಸಿದ್ವಿ. ಮೂವತ್ತೆಂಟ ವರ್ಷದಾಗ ನಾ ಒಂದ ರಾಡ್ ತಪ್ಪ ಕೂಡಿಸಿಲ್ಲ!"

ವರ್ಷದ ಲೆಕ್ಕವೊಂದು ಏರುತ್ತ ಹೋದ ಈ ಕೊನೆಯ ವಾಕ್ಯವನ್ನು ನಾನು ಊಟಕ್ಕೆ ಮೊದಲು ಕೇಳುವ ಮಂತ್ರದ ಹಾಗೆ ದಿನಾ ಕೇಳಿ ಬೆಳೆದೆ. ಹೌದು, ಬೆಳೆದದ್ದು ಅವರ ಮನೆಯಲ್ಲೇ. ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಮಾಮಾ ಊರಿಗೆ ಬಂದು ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಪರೇಲ್‌ನ ಚಾಳಿನ ತಮ್ಮ ಒಂದೇ ಖೋಲಿಯಲ್ಲಿ ಇಟ್ಟುಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಚಾಳಿನವರು "ಇಂವ ನಿಮ್ಮ ಮಗಾ ಏನು?" ಎಂದು ಕೇಳಿದರೆ ಮಾಮಾನ ಉತ್ತರ ಸಿದ್ಧವಿರುತ್ತಿತ್ತು: "ನಮ್ಮ ಎಂಜಿನ್‌ಗೋಳಿಗೆಲ್ಲಾ ಒಂದಾ ನಕ್ಷಿ. ಒಂದರ ರಾಡ್ ಇನ್ನೊಂದಕ್ಕ ಬರ್ತೈತಿ. ತಂಗಿ ಮಗ ಆದ್ರೇನಾತು, ನಮ್ಮನ್ಯಾಗ ಬರೋಬ್ಬರಿ ಕೂತಾನ."

ಉಗಿ ಎಂಜಿನ್‌ಗಳು ನಿಂತವು, ಮಾಮಾ ನಿಲ್ಲಲಿಲ್ಲ. ನಿವೃತ್ತಿಯಾದ ಮೇಲೆ ಅವರ ಕಣ್ಣು ಮಾಮಿಯ ಕುಕ್ಕರಿನ ಮೇಲೆ ಬಿತ್ತು. ಮೂರು ಸೀಟಿಗೆ ಒಲೆ ಆರಿಸುವ ಮಾಮಿಗೆ ಅವರು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಪಾಠ ಹೇಳತೊಡಗಿದರು.

"ಸೇಫ್ಟಿ ವಾಲ್ವ್ ಊದೂದು ಅನ್ನ ಆಗೇತಿ ಅಂತ ಹೇಳಾಕಲ್ಲ. ಬಾಯ್ಲರಿನ ಜೀವ ಉಳಸಾಕ!"

"ನನ್ನ ಜೀವ ಉಳಸಾಕ ಯಾವ ವಾಲ್ವ್ ಐತಿ?" ಎಂದರು ಮಾಮಿ.

ಮಾಮಾ ಅಷ್ಟಕ್ಕೂ ಬಿಡದೆ ಒಂದು ಭಾನುವಾರ ಕುಕ್ಕರಿಗೆ 'ಬಾಯ್ಲರ್ ಪರೀಕ್ಷೆ' ಮಾಡುತ್ತೇನೆಂದು ಹೊರಟು ಗ್ಯಾಸ್ಕೆಟ್ಟನ್ನು ಹಾರಿಸಿದರು. ತೊಗರಿಬೇಳೆ ಛಾವಣಿ ಮುಟ್ಟಿತು. ಇನ್ಸ್‌ಪೆಕ್ಟರ್ ಸಾಹೇಬರು ಅಂದು ವಡಾಪಾವ್ ತಿಂದು ಮಲಗಿದರು!

ಇನ್ನು ಅವರ ಜೇಬಿನ ಕಾಟನ್ ವೇಸ್ಟ್. ಎಂಜಿನ್ ಒರೆಸುವ ಆ ನೂಲಿನ ಉಂಡೆ ಇಲ್ಲದೆ ಮಾಮಾ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಲೋಕಲ್‌ನ ಕಂಬ, ಬ್ಯಾಂಕಿನ ಕೌಂಟರು, ದೇವಸ್ಥಾನದ ಗಂಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಒರೆಸುತ್ತಾರೆ. ನನ್ನ ಮದುವೆಯ ಮಂಟಪದಲ್ಲಿ ನನ್ನ ಹಣೆಯ ಮೇಲೆ ಬೆವರು ಕಂಡಿತು. ಕಂಡದ್ದೇ ತಡ, ಜೇಬಿನಿಂದ ಉಂಡೆ ತೆಗೆದು ಪ್ರೀತಿಯಿಂದ ಒರೆಸಿದರು. ಆಮೇಲೆ ತೆಗೆದ ಒಂದೊಂದು ಫೋಟೋದಲ್ಲೂ ಮದುಮಗನ ಹಣೆಯ ಮೇಲೆ ಬಾಸಿಂಗದ ಕೆಳಗೆ ಒಂದು ಕಪ್ಪು ಗೆರೆ! ನಾನು ಸಿಡಿಮಿಡಿಗೊಂಡು ಮುಖ ತಿಕ್ಕಿ ತಿಕ್ಕಿ ತೊಳೆದದ್ದನ್ನು ಮಾಮಾ ನೋಡುತ್ತ ನಿಂತಿದ್ದರು.

ಇಲ್ಲಿಯವರೆಗಿನ ಕಥೆಗಳನ್ನು ನಾನು ಆಫೀಸಿನ ಕ್ಯಾಂಟೀನಿನಲ್ಲೂ ಹೇಳಿ ನಗಿಸಿದ್ದೇನೆ. ಹೆಸರು ಹೇಳದೆ, 'ನನಗೆ ಗೊತ್ತಿದ್ದವರೊಬ್ಬರು' ಎಂದು. ಮುಂದಿನದನ್ನು ಮಾತ್ರ ಯಾರಿಗೂ ಹೇಳಿಲ್ಲ.

ನಾನು ಕೆಲಸ ಮಾಡುವುದು ಪರೇಲ್‌ನಲ್ಲಿ, ಹಳೆಯ ಗಿರಣಿಯ ಜಾಗದಲ್ಲಿ ಎದ್ದ ಒಂದು ಗಾಜಿನ ಬಿಲ್ಡಿಂಗ್‌ನಲ್ಲಿ. ಮಾಮಾನ ಚಾಳಿನಿಂದ ಹತ್ತು ನಿಮಿಷದ ದಾರಿ. ಚಾಳು ಈಗ ಇಲ್ಲ. ನಾನು ಅಲ್ಲಿ ಅಡ್ಮಿನ್ ಮ್ಯಾನೇಜರ್. ನಮ್ಮ ಸಾಹೇಬರಿಗೆ ಕಳೆದ ವರ್ಷ, ಅಂಗಳದಲ್ಲಿ ಒಂದು ಹಳೆಯ ಉಗಿ ಎಂಜಿನ್ ತಂದು ನಿಲ್ಲಿಸಬೇಕೆಂಬ ಆಸೆ ಹುಟ್ಟಿತು. ಎಲ್ಲಿಂದಲೋ ಒಂದು ಸಿಕ್ಕಿತು. ಬಿಚ್ಚಿ, ಟ್ರೇಲರಿನಲ್ಲಿ ತಂದು, ಮತ್ತೆ ಜೋಡಿಸಿ, ಬಣ್ಣ ಬಳಿಸಿ ನಿಲ್ಲಿಸುವ ಜವಾಬ್ದಾರಿ ನನ್ನದು. ಅದು ಯಾವ ಜಾತಿಯದು ಗೊತ್ತೇ? ನಾಲ್ಕು-ಆರು-ಸೊನ್ನೆ! ಮುಂಬಯಿಯಲ್ಲಿ ಇದನ್ನು ಕಂಡು ಕುಣಿದಾಡುವ ಮನುಷ್ಯ ಒಬ್ಬನೇ ಇದ್ದ. ಆ ಒಬ್ಬನಿಗೆ ಮಾತ್ರ ನಾನು ಹೇಳಲಿಲ್ಲ. ಹೇಳಿದರೆ ಬರುತ್ತಾರೆ, ಬಂದರೆ ಒರೆಸುತ್ತಾರೆ!

ಆದರೆ ಗೂಡ್ಸ್ ಎಂಜಿನ್ ಸುಮ್ಮನಿರಬೇಕಲ್ಲ! ದಹಿಸರ್‌ಗೆ ಊಟಕ್ಕೆ ಹೋದಾಗ ನನ್ನ ಹೆಂಡತಿ ಮೊಬೈಲ್ ತೆಗೆದು, ನಾನು ಎಂಜಿನ್ನಿನ ಮುಂದೆ ಎದೆ ಉಬ್ಬಿಸಿ ನಿಂತ ಫೋಟೋ ತೋರಿಸಿಬಿಟ್ಟಳು. ಮಾಮಾ ನನ್ನನ್ನು ನೋಡಲೇ ಇಲ್ಲ. ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಗಾಲಿಗಳ ಹತ್ತಿರ ಹೋದರು. ತುತ್ತು ಕೈಯಲ್ಲೇ ಉಳಿಯಿತು.

"ಎಡಗಡೆ ರಾಡ್ ಉಲ್ಟಾ ಹಾಕ್ಯಾರಲ್ಲೋ! ನೋಡಿಲ್ಲೆ, ಎಣ್ಣಿ ಬಟ್ಟಲ ಕೆಳಗ ಮುಖ ಮಾಡ್ಯಾವು."

ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಉದ್ದನೆಯ ರಾಡಿಗೆ ಎಣ್ಣೆ ಹಾಕಲು ಮೇಲುಗಡೆ ಪುಟ್ಟ ಬಟ್ಟಲುಗಳಿರುತ್ತವೆ. ಕೂಡಿಸಿದವರು ರಾಡನ್ನು ತಲೆಕೆಳಗು ಮಾಡಿದ್ದರು.

"ಇರಲಿ ಬಿಡ್ರಿ ಮಾಮಾ, ಅದೇನು ಓಡತೈತೇನು? ಯಾರ ನೋಡತಾರ?"

"ನಾ ನೋಡಿದ್ನಲ್ಲೋ" ಎಂದರು ಮಾಮಾ.

ಮರುದಿನ ಹನ್ನೊಂದು ಗಂಟೆಗೆ ಸಾಹೇಬರು ಹೊರಗಿನಿಂದ ಬಂದ ಅತಿಥಿಗಳಿಗೆ ಎಂಜಿನ್ ತೋರಿಸುತ್ತಿದ್ದರು. ನಾನು ಪಕ್ಕದಲ್ಲಿ ಟೈ ಕಟ್ಟಿಕೊಂಡು ನಿಂತಿದ್ದೆ. ಸುತ್ತ ಕಟ್ಟಿದ ಹಗ್ಗದ ಬೇಲಿಯ ಹೊರಗಲ್ಲ, ಒಳಗೇ, ಎಂಜಿನ್ನಿನ ಹೊಟ್ಟೆಯ ಕೆಳಗಿನಿಂದ ಎರಡು ಚಪ್ಪಲಿ ಕಾಲುಗಳು ಹೊರಬಂದವು. ಆಮೇಲೆ ಕಾಟನ್ ವೇಸ್ಟ್. ಆಮೇಲೆ ಮಾಮಾ.

"ಯೇ ಕಿಸ್ ಗಧೇನೇ ಲಗಾಯಾ?" ಎಂದು ಮಾಮಾ ಎಲ್ಲರಿಗೂ ಕೇಳುವಂತೆ ಗುಡುಗಿದರು. ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟಿಗೋ, ಎಷ್ಟೋ ವರ್ಷದ ಮೇಲೆ ಅದನ್ನು ಮುಟ್ಟಿದ್ದಕ್ಕೋ, ನಾನು ಕೇಳಲಿಲ್ಲ. ಇದನ್ನು ಕೂಡಿಸಿದ ಆ ಕತ್ತೆ ನಾನೇ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಸಾಹೇಬರು ನನ್ನ ಕಡೆ ತಿರುಗಿದರು. "ಕೌನ್ ಹೈ ಯೇ? ಜಾನತೇ ಹೋ?"

"ನಹೀ ಸರ್" ಎಂದೆ.

ಇವರು ಯಾರೋ ನನಗೆ ಗೊತ್ತಿಲ್ಲ ಎನ್ನಲು ಎರಡೇ ಪದ. ಎಷ್ಟು ಸಲೀಸಾಗಿ ಬಂದವು ನೋಡಿ, ಮೂವತ್ತು ವರ್ಷದಿಂದ ನಾಲಿಗೆಯ ತುದಿಯಲ್ಲೇ ಕಾದು ಕೂತಿದ್ದವೇನೋ! ಮಾಮಾ ನನ್ನನ್ನು ನೋಡಿದರು. ಟೈ ನೋಡಿದರು. ಸಾಹೇಬರನ್ನು ನೋಡಿದರು. ಕಾಟನ್ ವೇಸ್ಟನ್ನು ಮೆಲ್ಲಗೆ ಜೇಬಿಗಿಳಿಸಿ, ಕೈ ಮುಗಿದು ಹೇಳಿದರು: "ಮಾಫ್ ಕರೋ ಸಾಬ್. ಇಂಜಿನ್ ದೇಖಾ, ಅಂದರ್ ಆಗಯಾ. ಇಧರ್ ಮೇರಾ ಕೋಯೀ ನಹೀ." ಇಲ್ಲಿ ತನ್ನವರು ಯಾರೂ ಇಲ್ಲವಂತೆ!

ವಾಚ್‌ಮನ್ ಅವರನ್ನು ಗೇಟಿನವರೆಗೆ ಬಿಟ್ಟುಬಂದ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ವಾರ ನಾನು ದಹಿಸರ್‌ಗೆ ಹೋಗಲಿಲ್ಲ, ಮುಂದಿನ ವಾರವೂ ಹೋಗಲಿಲ್ಲ. ಫೋನ್ ಮಾಡಿದೆ. "ನಿಮ್ಮ ಮಾಮಾ ಏನೋ ನಕ್ಷಿ ಬರಕೋಂತ ಕುಂತಾರ, ಕರೀಲೇನು?" ಎಂದರು ಮಾಮಿ. ಬೇಡ ಎಂದೆ. ಅವರಿಗೆ ಏನೂ ಗೊತ್ತಿಲ್ಲವೆಂದು ದನಿಯಿಂದಲೇ ತಿಳಿಯಿತು. ಮಾಮಾ ಹೇಳಿರಲಿಲ್ಲ.

ಹದಿನೈದು ದಿನಕ್ಕೆ ಸಾಹೇಬರ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಸ್ಕೇಲಿಟ್ಟು ಬರೆದ ರಾಡಿನ ನಕ್ಷೆ, ಜೊತೆಗೆ ಹಿಂದಿಯಲ್ಲಿ ಒಂದು ಪತ್ರ. ಸಾಹೇಬರು ಅದನ್ನು ಮೀಟಿಂಗಿನಲ್ಲಿ ಓದಿದರು. ರಾಡನ್ನು ಹೇಗೆ ಬಿಚ್ಚಿ ಹೇಗೆ ತಿರುಗಿಸಬೇಕೆಂದು ವಿವರವಾಗಿ ಬರೆದಿತ್ತು. ಕೊನೆಗೆ ಹೀಗಿತ್ತು: 'ಇದು ನಿಮ್ಮ ಮ್ಯಾನೇಜರರ ತಪ್ಪಲ್ಲ. ಬಿಚ್ಚಿ ಕೂಡಿಸುವಾಗ ಇಂಥದು ಎಂಥವರಿಗೂ ಆಗುತ್ತದೆ. ನಾನೂ ನೌಕರಿಯಲ್ಲಿದ್ದಾಗ ಒಮ್ಮೆ ರಾಡನ್ನು ಹೀಗೇ ಉಲ್ಟಾ ಕೂಡಿಸಿದ್ದೆ.'

ಮೂವತ್ತೆಂಟು ವರ್ಷದಲ್ಲಿ ಒಂದೂ ರಾಡು ತಪ್ಪು ಕೂಡಿಸದ ಮನುಷ್ಯ! ತನ್ನ ಹತ್ತಿರ ಇದ್ದ ಒಂದೇ ಒಂದು ಹೆಮ್ಮೆಯನ್ನು ಕೈಬರಹದಲ್ಲಿ ಬರೆದು, ಸಹಿ ಹಾಕಿ, ಅಂಚೆಗೆ ಹಾಕಿಬಿಟ್ಟಿದ್ದರು. "ಕ್ಯಾ ಆದ್ಮೀ ಹೈ!" ಎಂದರು ಸಾಹೇಬರು. "ಅವತ್ತು ಬಂದ ಮುದುಕನೇ ಇರಬೇಕು. ಯಾರಿಗಾದರೂ ಗೊತ್ತೇ?" ನಾನು ಎ.ಸಿ.ಯ ಕಡೆ ನೋಡುತ್ತ ಕೂತೆ. ಈಗ ಹೌದೆಂದರೆ ಹಿಂದಿನದು ಸುಳ್ಳಾಗುತ್ತದಲ್ಲ! ಒಂದು ಸುಳ್ಳಿನ ಮರ್ಯಾದೆ ಕಾಯಲು ಇನ್ನೊಮ್ಮೆ ಮಾಮಾನನ್ನು ಬಿಟ್ಟುಕೊಟ್ಟೆ.

ಸಾಹೇಬರೇ ಪತ್ರದ ಮೇಲಿನ ನಂಬರಿಗೆ ಫೋನ್ ಮಾಡಿಸಿ, ಆಯುಧಪೂಜೆ ಮಾಡುವ ಖಂಡೇನವಮಿಯ ದಿನ ಅವರನ್ನು ಕರೆಸಿದರು. ಮಾಮಾ ಇಸ್ತ್ರಿ ಮಾಡಿದ ಹಳೆಯ ಖಾಕಿ ಡ್ರೆಸ್ ಹಾಕಿಕೊಂಡು ಬಂದರು. ಸಾಹೇಬರು ನನ್ನನ್ನು ಪರಿಚಯಿಸಿದರು, ನಮ್ಮ ಮ್ಯಾನೇಜರ್ ಎಂದು. ಮಾಮಾ ಕೈ ಮುಗಿದರು.

"ನಮಸ್ಕಾರ್ರೀ. ಕನ್ನಡದವ್ರೇನ್ರೀ ತಾವು? ಚಲೋ ಆತು."

ಹತ್ತು ವರ್ಷದವನಿದ್ದಾಗಿನಿಂದ ನನ್ನನ್ನು 'ಲೇ' ಎಂದವರು ಅವರು! ನಾನೂ ಕೈ ಮುಗಿದೆ. ಇದಕ್ಕಿಂತ ಕೆಳಗೆ ಇಳಿಯಲು ಮೆಟ್ಟಿಲು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ನಾಲ್ಕು ಜನ ಚೈನ್ ಪುಲ್ಲಿ ಹಿಡಿದು ರಾಡನ್ನು ಬಿಚ್ಚಿದರು. ಮಾಮಾ ಹೇಳಿದಂತೆ ತಿರುಗಿಸಿ ಕೂಡಿಸಿದರು. ಬಟ್ಟಲುಗಳು ಮೇಲೆ ಬಂದವು. ಮಾಮಾ ಚೀಲದಿಂದ ಉದ್ದ ಮೂತಿಯ ಎಣ್ಣೆ ಡಬ್ಬಿ ತೆಗೆದು ಒಂದೊಂದೇ ಬಟ್ಟಲನ್ನು ತುಂಬಿದರು. ಇನ್ನೆಂದೂ ಓಡದ ಎಂಜಿನ್ನಿಗೆ ಎಣ್ಣೆ ಯಾಕೆ ಎಂದು ಸಾಹೇಬರು ಕೇಳಿದರೆ, ಅದು ದುಡಿದು ಬಂದಿದೆ ಸಾಬ್ ಎಂದರು. ಪೂಜೆಯಾಯಿತು, ಕಾಯಿ ಒಡೆದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಡುವಾಗ ಮಾಮಾ ನನ್ನ ಹತ್ತಿರ ಬಂದರು. ಸಾಹೇಬರು ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. ಮಾಮಾ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದರು. ಮುಚ್ಚಳದ ಸಂದಿನಿಂದ ಮಾಮಿಯ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು.

"ನನ್ನ ತಂಗಿ ಮಗಾ ಇಲ್ಲೇ ಎಲ್ಲೋ ನೌಕರಿ ಮಾಡ್ತಾನ್ರೀ" ಎಂದರು ತಗ್ಗಿದ ದನಿಯಲ್ಲಿ. "ಭಾಳ ದಿನಾ ಆತು, ಮನಿಗೆ ಬಂದಿಲ್ಲ. ಅವನಿಗೆ ಇದಂದ್ರ ಜೀವ. ಸಿಕ್ಕರ ಕೊಡ್ರಿ. ಸಿಗಲಿಲ್ಲಂದ್ರ ನೀವಾ ಉಣ್ರಿ. ಆರಾಕ ಬಿಡಬ್ಯಾಡ್ರಿ."

ಡಬ್ಬಿ ಇನ್ನೂ ಬೆಚ್ಚಗಿತ್ತು. ದಹಿಸರ್‌ನಿಂದ ಇಲ್ಲಿಯವರೆಗೆ ಲೋಕಲ್‌ನ ಗದ್ದಲದಲ್ಲಿ ಅದನ್ನು ಎಷ್ಟು ಬಟ್ಟೆ ಸುತ್ತಿ ಎದೆಗೆ ಅವುಚಿ ತಂದಿದ್ದರೋ!

"ಸರ್" ಎಂದು ಕೂಗಿದೆ. ಎಲ್ಲರೂ ತಿರುಗಿದರು. "ಯೇ ಮೇರೇ ಮಾಮಾ ಹೈ. ಉಸ್ ದಿನ್ ಮೈನೇ ಝೂಟ್ ಬೋಲಾ ಥಾ. ಇನ್ಹೋನೇ ಮುಝೇ ಪಾಲಾ ಹೈ." ಅಂದು ಸುಳ್ಳು ಹೇಳಿದ್ದೆ, ನನ್ನನ್ನು ಸಾಕಿದವರು ಇವರೇ ಎಂದು ಎಲ್ಲರೆದುರು ಒಪ್ಪಿಕೊಂಡುಬಿಟ್ಟೆ.

ಸಾಹೇಬರು ನನ್ನನ್ನೊಮ್ಮೆ ಮಾಮಾನನ್ನೊಮ್ಮೆ ನೋಡಿದರು. ಗಾಬರಿಯಾದದ್ದು ಮಾಮಾನಿಗೆ.

"ಏ, ಸಾಹೇಬ್ರ ಮುಂದ ಏನೇನರ ಒದರಬ್ಯಾಡಲೇ! ನೌಕರಿ ಕಳಕೊಂಡೀಯೋ ಖೋಡಿ!"

ಆ 'ಲೇ' ಕಿವಿಗೆ ಬಿದ್ದದ್ದೇ ತಡ, ಟೈ ಕಟ್ಟಿಕೊಂಡ ನಲವತ್ತರ ಮ್ಯಾನೇಜರು ನಡು ಅಂಗಳದಲ್ಲಿ ಅತ್ತುಬಿಟ್ಟ. ಮಾಮಾ ಆಚೀಚೆ ನೋಡಿದರು. ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಕೈ ಹಾಕಿ ಕಾಟನ್ ವೇಸ್ಟ್ ತೆಗೆದರು. ನನ್ನ ಮುಖದ ಹತ್ತಿರ ತಂದು, ಮದುವೆಯದು ನೆನಪಾಯಿತೋ ಏನೋ, ಅರ್ಧಕ್ಕೆ ಕೈ ತಡೆದರು. ನಾನೇ ಮುಖ ಮುಂದೆ ಮಾಡಿದೆ.

ಸಂಜೆ ವಿಕ್ರೋಳಿಯ ನಮ್ಮ ಮನೆಗೆ ಹೋಗುವ ಲೋಕಲ್‌ನಲ್ಲಿ ಜನ ನನ್ನ ಕೆನ್ನೆಯನ್ನು ನೋಡಿ ನೋಡಿ ನಗುತ್ತಿದ್ದರು. ನಾನು ಒರೆಸಿಕೊಳ್ಳಲಿಲ್ಲ.