ಸರಕಾರದ ಹಗ್ಗ ಬಿದ್ದ ಹೊಲ

ಸೋಮನಿಂಗನ ಹೊಲದ ಜೋಳಕ್ಕೆ ಆ ವರ್ಷ ಬಂದ ರೋಗ ಕಾಡಿಗೆಯಲ್ಲ, ಸುಳಿನೊಣವೂ ಅಲ್ಲ. ಅದರ ಹೆಸರು ಬೆಳೆ ಕೊಯ್ಲು ಪ್ರಯೋಗ.

ಸಂಕ್ರಾಂತಿ ಕಳೆದ ಹೊಸದರಲ್ಲಿ ಊರ ಲೆಕ್ಕ ಬರೆಯುವ ತಲಾಠಿ ಬಂದು ಹೇಳಿಹೋಗಿದ್ದ: ಊರಿನ ಬೆಳೆ ಎಷ್ಟೆಂದು ತಿಳಿಯಲು ಸರಕಾರ ಚೀಟಿ ಎತ್ತಿದೆ, ಚೀಟಿಯಲ್ಲಿ ನಿನ್ನ ಹೊಲ ಬಂದಿದೆ. ಬಸವನ ಬಾಗೇವಾಡಿಯಿಂದ ಸಾಹೇಬರು ಬಂದು, ಹೊಲದೊಳಗೆ ಹಗ್ಗ ಕಟ್ಟಿ, ಹಗ್ಗದ ಒಳಗಿನದನ್ನು ಕೊಯ್ದು, ಬಡಿದು, ತೂಗುವ ತನಕ ಒಂದು ತೆನೆ ಮುರಿಯುವಂತಿಲ್ಲ. ಆ ಒಂದು ತುಂಡು ನೆಲ ಎಷ್ಟು ಕೊಟ್ಟಿತೋ ಊರೆಲ್ಲ ಅಷ್ಟೇ ಕೊಟ್ಟಿತೆಂದು ಲೆಕ್ಕ. ಕಡಿಮೆ ಬಂದರೆ ಊರಿಗೇ ಕಂದಾಯ ಮಾಫಿ.

ಗುರುಲಿಂಗಪ್ಪ ಗೌಡನ ಎರೆ ಹೊಲ ಇಂಗಳೇಶ್ವರದ ದಾರಿಯುದ್ದಕ್ಕೂ ಕಣ್ಣು ಹಾಯುವಷ್ಟು ದೂರ ಹಬ್ಬಿತ್ತು. ಸರಕಾರದ ಚೀಟಿಗೆ ಅದು ಒಂದು ವರ್ಷವೂ ಕಂಡಿರಲಿಲ್ಲ. ಹಳ್ಳದ ದಂಡೆಯಲ್ಲಿ ಹರಕು ಕಂಬಳಿಯ ಹಾಗೆ ಬಿದ್ದಿದ್ದ ಸೋಮನಿಂಗನ ನಾಲ್ಕು ಎಕರೆ ಮಾತ್ರ ಕಂಡಿತು. ಬಡವನ ಹೊಲ ಕಾಣಿಸುವುದಕ್ಕೆಂದೇ ಸರಕಾರಕ್ಕೆ ಬೇರೆ ಕಣ್ಣುಗಳಿವೆ.

ಊರವರ ಕೊಯ್ಲು ಮುಗಿಯಿತು, ರಾಶಿ ಮುಗಿಯಿತು, ಜೋಳ ನೆಲದಡಿಯ ಹಗೇವಿನೊಳಗೆ ಹೋಗಿ ಕೂತು ಬಾಯಿ ಮುಚ್ಚಿಸಿಕೊಂಡಿತು. ಸೋಮನಿಂಗನ ಜೋಳ ಮಾತ್ರ ಹೊಲದಲ್ಲೇ ಒಣಗಿ ತಲೆ ತೂಗುತ್ತಿತ್ತು. ತಾಲೂಕಿನ ಹಕ್ಕಿಗಳೆಲ್ಲ ಬೇರೆ ಕಡೆ ಕೆಲಸವಿಲ್ಲದೆ ಇಲ್ಲಿಗೇ ಬಂದು ಪಂಗ್ತಿ ಕೂಡುತ್ತಿದ್ದವು. ಹೆಂಡತಿ ರೇವವ್ವ ಸಗಣಿ ಸಾರಿಸಿದ ಕಣ ಬಿಸಿಲಿಗೆ ಹಿಮ್ಮಡಿಯ ಹಾಗೆ ಬಿರಿದಿತ್ತು. ಅಟ್ಟದ ಮೇಲೆ ನಿಂತು ಕವಣೆ ಬೀಸಿ ಬೀಸಿ ಸೋಮನಿಂಗನ ಬಲದೋಳು ಬಾತಿತ್ತು.

ಕೊನೆಗೂ ಸಾಹೇಬ ಬರುವ ದಿನ ಗೊತ್ತಾಯಿತು. ಅದೇ ದಿನ ಅಗರಖೇಡದ ಪರಸಪ್ಪನೂ ಬರುತ್ತೇನೆಂದು ಹೇಳಿಕಳಿಸಿದ.

ಪರಸಪ್ಪ ಎಂದರೆ ಆಗಬೇಕಾದ ಬೀಗ. ಅವನ ಮಗಳು ಚಂದವ್ವನನ್ನು ಸೋಮನಿಂಗನ ಮಗ ಬೀರಣ್ಣನಿಗೆ ಕೇಳಿದ್ದರು. ಬೀರಣ್ಣ ಸಿಂದಗಿಯ ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಪರಸಪ್ಪನ ಮಾತು ಒಂದೇ: "ಹುಡುಗನ ಮಾರಿ ನೋಡೇನಿ. ಇನ್ನ ಹೊಲದ ಮಾರಿ ನೋಡಿ ಮಾತು ಕೊಡ್ತೇನಿ." ಈ ಮಾತು ತಪ್ಪಿದರೆ ಬೀರಣ್ಣನಿಗೆ ಕೈತಪ್ಪಿದ ಮೂರನೇ ಹೆಣ್ಣು.

"ಎರಡೂ ಒಂದಽ ದಿನ ಬರಬೇಕೇನು?" ಎಂದು ಸೋಮನಿಂಗ ಹಣೆ ಬಡಿದುಕೊಂಡ. "ಬೀಗಗ ಬೆಳಿ ದೊಡ್ಡದು ಕಾಣಬೇಕು, ಸರಕಾರಕ್ಕ ಸಣ್ಣದು ಕಾಣಬೇಕು. ಒಂದಽ ಹೊಲಕ್ಕ ಎರಡು ಮಾರಿ ಎಲ್ಲಿಂದ ತರಲಿ?"

"ಗೌಡಗ ಅದಾವಲ್ಲ ಎರಡು ಮಾರಿ, ಒಂದು ಕಡಾ ಕೇಳ್ರಿ," ಎಂದಳು ರೇವವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಬೆಳಿಗ್ಗೆ ಬಸಂತರಾಯ ಸಾಹೇಬ ಸೈಕಲ್ ತುಳಿಯುತ್ತ ಬಂದ. ಬೂಟು, ಕನ್ನಡಕ, ಕೊರಳಲ್ಲಿ ಅಳತೆಯ ಸರಪಳಿ. ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ತೂಕದ ಮಲಿಕಸಾಬ, ಹ್ಯಾಂಡಲ್ಲಿಗೆ ತಕ್ಕಡಿ ತೂಗುಹಾಕಿಕೊಂಡು. ಇವರಿಗಿಂತ ಮೊದಲೇ ಗೌಡ ಬದುವಿನ ಮೇಲೆ ಬಂದು ನಿಂತಿದ್ದ. ಅವನ ಹಿಂದೆ ಊರಿತ್ತು.

ಬಸಂತರಾಯ ಕಿಸೆಯಿಂದ ಚೀಟಿ ತೆಗೆದು, ಹೊಲದ ಮೂಲೆಯಿಂದ ಅದರಲ್ಲಿ ಬರೆದಷ್ಟು ಹೆಜ್ಜೆ ಉದ್ದಕ್ಕೆ ನಡೆದ, ಬರೆದಷ್ಟು ಅಡ್ಡಕ್ಕೆ ನಡೆದ, ಗೂಟ ಬಡಿದ. ಗೂಟ ಬಿದ್ದ ಜಾಗ ನೋಡಿ ಗೌಡನ ಮುಖ ಹಸಿ ಬೇವಿನಕಾಯಿ ಕಚ್ಚಿದಂತಾಯಿತು. ಹೋದ ಬೇಸಿಗೆಯಲ್ಲಿ ಸೋಮನಿಂಗನ ಮಾವನ ಕಡೆಯವರು ಗೊಬ್ಬರಕ್ಕೆಂದು ಕುರಿ ತರುಬಿದ್ದು ಅಲ್ಲಿಯೇ. ಇಡೀ ಹೊಲದಲ್ಲಿ ಜೋಳ ಎದೆಯುದ್ದ ಇದ್ದರೆ ಆ ಜಾಗದಲ್ಲಿ ಆಳು ಮುಳುಗುವಷ್ಟಿತ್ತು. ಒಂದೊಂದು ತೆನೆಯೂ ಹಸುಗೂಸಿನ ತಲೆ.

"ಸಾಹೇಬ್ರ, ಅಲ್ಲಿ ಹಾವಿನ ಹುತ್ತ ಐತ್ರಿ. ಆ ಕಲ್ಲಿನ ಕಡೆ ಸರೀರಿ," ಎಂದ ಗೌಡ.

"ಗೌಡ್ರ, ಜಾಗಾ ನಾನೂ ಆರಿಸಂಗಿಲ್ಲ, ನೀವೂ ಆರಿಸಂಗಿಲ್ಲ. ಆರಿಸಿದ್ರ ಅದು ಅಳತಿ ಅಲ್ಲ, ಆಸೆ," ಎಂದ ಬಸಂತರಾಯ. "ಚೀಟಿ ಹೇಳಿದಲ್ಲಿ ಗೂಟ. ಸಾಕ್ಷಾತ್ ಬಸವಣ್ಣ ಬಂದು ಅಡ್ಡ ಮಲಗಿದ್ರೂ ಅವನ ಕೊಂಬಿಗೇ ಹಗ್ಗಾ ಕಟ್ಟಿ ಅಳೀತೇನಿ."

ಹಗ್ಗ ಕಟ್ಟಿದರು, ಕೊಯ್ದರು. ಸೋಮನಿಂಗ ತೆನೆಗಳನ್ನು ಕಣಕ್ಕೆ ಹೊತ್ತು ತಂದು ಬಡಿಗೆಯಿಂದ ಬಡಿದ. ಬಸಂತರಾಯ ನೋಡಲೆಂದು ಬೂಟುಗಾಲು ಒಳಗಿಟ್ಟಿದ್ದೇ ತಡ, ರೇವವ್ವ ಮೊರ ಎತ್ತಿಕೊಂಡು ಬಂದಳು.

"ಏ ಯಪ್ಪಾ, ಕಾಲ ತಗೀರಿ! ಕಣ ಅಂದ್ರ ಗುಡಿ! ನಿಮ್ಮ ಸರಕಾರ ಗುಡ್ಯಾಗೂ ಬೂಟ್ ಹಾಕ್ಕೊಂಡಽ ಹೋಗತೈತೇನು?"

"ಹೋಗತೈತಿ ತಾಯಿ," ಎಂದು ಗೊಣಗುತ್ತ ಬಸಂತರಾಯ ಬೂಟು ಬಿಚ್ಚಿದ.

ಕಾಳು ತೂರಿ ಕೂಡಿಹಾಕಿದಾಗ ಬೆಕ್ಕು ಕೂತಷ್ಟು ರಾಶಿ ಆಯಿತು. ಅಷ್ಟು ಚಿಕ್ಕ ತುಂಡಿಗೆ ಅದು ಬಲು ದೊಡ್ಡದು. ಸೋಮನಿಂಗನ ಎದೆ ಉಬ್ಬಿತು. ಗೌಡನ ಕಣ್ಣು ನೋಡಿ ಇಳಿಯಿತು.

"ಬಿಸಿಲು ನೆತ್ತಿಗೆ ಬಂತು, ಸಾಹೇಬ್ರ. ಮದ್ಲ ಉಂಡು, ಆಮ್ಯಾಲೆ ತೂಗೂಣು. ಮನ್ಯಾಗ ನಮ್ಮಾಕಿ ಇಂದುಬಾಯಿ ಎಣ್ಣಿಗಾಯಿ ಮಾಡ್ಯಾಳ," ಎಂದ ಗೌಡ. ಬೆಳಗಿನಿಂದ ಚಹಾ ಕೂಡ ಕಾಣದ ಬಸಂತರಾಯ, ಮಲಿಕಸಾಬನನ್ನು ಕಾವಲಿಗೆ ಕೂರಿಸಿ ಎದ್ದ. ಹೋಗುವಾಗ ಗೌಡ ಸೋಮನಿಂಗನ ಕಿವಿಯಲ್ಲಿ ಉಸುರಿದ:

"ಲೇ ಸೋಮ್ಯಾ, ಕಣಕ್ಕ ಬಂದಾವ್ರನ್ನ ಬರಿಗೈಲೆ ಕಳಸಬಾರ್ದು. ನೆನಪೈತಿಲ್ಲೋ ಹಿರ್ಯಾರ ಪದ್ಧತಿ? ನಾ ಮಂದಿ ಕಳಸ್ತೇನಿ. ತೂಕ ಹೆಚ್ಚ ಬಂತಂದ್ರ ನಾಳಿಂದ ನನ್ನ ಬಾವಿ ನೀರು ಮುಟ್ಟಬ್ಯಾಡ, ನನ್ನ ಬೀಳಿನ್ಯಾಗ ನಿನ್ನ ಕುರಿ ಕಾಲಿಡೂದು ಬ್ಯಾಡ."

ಪದ್ಧತಿ ಎಂಬುದು ಗೌಡನ ಹಗೇವಿನ ಮುಚ್ಚಳವಿದ್ದ ಹಾಗೆ. ಅವನ ರಾಶಿಯ ದಿನ ಮುಚ್ಚಿರುತ್ತದೆ, ಬೇರೆಯವರ ರಾಶಿಯ ದಿನ ತೆರೆಯುತ್ತದೆ.

ಮಂದಿ ಬಂದರು. ಮೊದಲು ಬಡಿಗ ಬಂದ: "ಕೂರಿಗಿ ನಾನಽ ಮಾಡೇನಲ್ಲಪಾ." ಒಂದು ಬೊಗಸೆ. ಕ್ಷೌರದವನು ಬಂದ. ಒಂದು ಬೊಗಸೆ. ಬಳೆಗಾರ್ತಿ ಪೀರಬಿ ಬಂದು, "ಸೊಸಿ ಬರ್ತಾಳಂತ, ಬಳಿ ನಾನಽ ಇಡಸ್ತೇನಿ, ಈಗಽ ಕೊಡು," ಎಂದಳು. ಫಕೀರ ಹಾಜಿಮಲಂಗ ಲೋಬಾನದ ಹೊಗೆ ಎಬ್ಬಿಸಿ, ನವಿಲುಗರಿಯಿಂದ ರಾಶಿಯ ತಲೆ ಸವರಿ, "ಬರಕತ್ ಆಗ್ಲಿ, ಹತ್ತಾಗ್ಲಿ, ನೂರಾಗ್ಲಿ," ಎಂದು ಹರಸಿ ಜೋಳಿಗೆ ಒಡ್ಡಿದ. ಅವನು ಹರಸಿದಷ್ಟೂ ರಾಶಿ ಇಳಿಯಿತು.

"ಮಲಿಕಣ್ಣ, ನೀ ಕಾವಲಗಾರ ಅದಿ, ಸುಮ್ಮ ಕುಂತಿಯಲ್ಲೋ?" ಎಂದ ಸೋಮನಿಂಗ ಅಳುಮೋರೆ ಮಾಡಿ.

"ಕಳವು ಆದ್ರ ಹಿಡೀತೇನಿ. ದಾನಾ ಹೆಂಗ ಹಿಡೀಲಿ?" ಎಂದು ಮಲಿಕಸಾಬ ತನ್ನ ಟವೆಲನ್ನೂ ಹಾಸಿದ. "ನಾನೂ ಕಣಕ್ಕ ಬಂದಾಂವನಽ ಅಲ್ಲೇನು?"

ಬೆಕ್ಕು ಕೂತಷ್ಟಿದ್ದ ರಾಶಿ ಗುಬ್ಬಿ ಕೂತಷ್ಟಾಯಿತು. ಅಷ್ಟರಲ್ಲಿ ಬದುವಿನ ಮೇಲೆ ಕೆಂಪು ರುಮಾಲು ಕಂಡಿತು. ಹೆಗಲ ಮೇಲೊಂದು ಚೀಲ ಹೊತ್ತು ಪರಸಪ್ಪ ಬಂದೇಬಿಟ್ಟ.

"ಶರಣ್ರೀ ಬೀಗರ! ಬಸ್ ಇವತ್ತ ಹುಚ್ಚು ಹಿಡಿದಂಗ ಲಗೂನ ಬಂತು," ಎಂದವನ ಕಣ್ಣು ಕಣದ ಮೇಲೆ ನಿಂತಿತು. "ಇದೇನ್ರಿ? ಕೋಳಿಗೆ ಹಾಕೂದೇನು?"

"ಅಲ್ರಿ... ಸರಕಾರದ ಪ್ರಯೋಗ..." ಎಂದು ಸೋಮನಿಂಗ ತೊದಲಿದ. ಸುತ್ತ ಗೌಡನ ಮಂದಿ ನಿಂತಿದ್ದರು. ನಿಜ ಹೇಳುವಂತಿಲ್ಲ, ಹೇಳದಿದ್ದರೆ ಬೀಗ ಇಷ್ಟೇ ಬೆಳೆ ಎಂದುಕೊಳ್ಳುತ್ತಾನೆ. ಹಿಡಿದರೆ ಕೋಡು ಚುಚ್ಚುವ, ಬಿಟ್ಟರೆ ಬಾಲ ಬಡಿಯುವ ಎಮ್ಮೆಯ ಮುಂದೆ ನಿಂತಂತಾಯಿತು ಅವನಿಗೆ.

ಆ ಹೊತ್ತಿಗೇ ಗೌಡನ ಎತ್ತು ಹಗ್ಗ ಹರಿದುಕೊಂಡು, ಕೊಯ್ಯದೆ ನಿಂತ ಜೋಳಕ್ಕೆ ನುಗ್ಗಿತು. ಊರ ಗೌಡನ ಎತ್ತಿಗೆ ಊರೆಲ್ಲ ಹೊಲವೇ. "ಹೋ! ಹೋ!" ಎನ್ನುತ್ತ ಸೋಮನಿಂಗ ಓಡಿದ. ತಮಾಷೆ ನೋಡಲು ಗೌಡನ ಮಂದಿಯೆಲ್ಲ ಅವನ ಹಿಂದೆಯೇ ಓಡಿದರು. ಹೊಡೆಯುವಂತಿಲ್ಲ, ಬಿಡುವಂತಿಲ್ಲ. "ಬಾ ನಮ್ಮಪ್ಪ, ಬಾ ನಮ್ಮ ಗೌಡ್ರ," ಎಂದು ಅದರ ಕೈಕಾಲು ಹಿಡಿಯುವಂತೆ ಬೇಡುತ್ತ ಹೊಲದ ತುಂಬ ಸುತ್ತಿದ. ಧೋತರ ಹರಿಯಿತು, ಚಪ್ಪಲಿ ಹಳ್ಳಕ್ಕೆ ಬಿತ್ತು. ಎತ್ತು ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಮನೆಗೆ ಹೊರಟಿತು.

ಅವನು ಏದುಸಿರು ಬಿಡುತ್ತ ಕಣಕ್ಕೆ ಬಂದಾಗ ರಾಶಿಯ ಮೇಲೆ ಕಂಬಳಿ ಹೊದಿಸಿತ್ತು. ರೇವವ್ವ ಒಂದು ಕಡೆ, ಪರಸಪ್ಪ ಒಂದು ಕಡೆ ಕೂತು ಆಕಾಶ ನೋಡುತ್ತಿದ್ದರು. ಮಲಿಕಸಾಬ ಬೇವಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ಬಸಂತರಾಯ ಎಣ್ಣೆಗಾಯಿಯ ತೇಗು ತೇಗುತ್ತ ಬಂದ. ಗೌಡ ಮೀಸೆಯಲ್ಲೇ ನಗುತ್ತ ಬಂದ.

"ಹೂಂ, ತೂಗು ಮಲಿಕಸಾಬ."

ಮಲಿಕಸಾಬ ಕಣ್ಣುಜ್ಜಿಕೊಂಡು ಕಂಬಳಿ ತೆಗೆದ. ತೆಗೆದು ಎರಡು ಹೆಜ್ಜೆ ಹಿಂದೆ ಸರಿದ. ಕಂಬಳಿಯ ಕೆಳಗೆ ಗುಬ್ಬಿಯಿರಲಿಲ್ಲ, ಬೆಕ್ಕಿರಲಿಲ್ಲ. ಎಮ್ಮೆಕರು ಮಲಗಿದಷ್ಟು ರಾಶಿ.

"ಯಾ ಅಲ್ಲಾ! ಹಾಜಿಮಲಂಗನ ಬರಕತ್ತು!" ಎಂದ ಅವನು.

"ಲಾಭ," ಎಂದು ಮೊದಲ ತಕ್ಕಡಿ ಎಣಿಸಿದ. ಕಣದಲ್ಲಿ ಒಂದು ಎನ್ನುವಂತಿಲ್ಲ. "ಎರಡು. ಮೂರು..." ತಕ್ಕಡಿಯ ಪ್ರತಿ ದಢ್ ಸದ್ದಿಗೂ ಗೌಡನ ಮೀಸೆ ಒಂದೊಂದು ಎಳೆ ಜೋತುಬಿತ್ತು. "ಸಾಹೇಬ್ರ, ಇದರಾಗ ದಪ್ಪ ಕಾಳೂ ಅದಾವ, ಸಣ್ಣ ಕಾಳೂ ಅದಾವ!" ಎಂದ ಮಲಿಕಸಾಬ.

ಸೋಮನಿಂಗ ಕಣದ ಅಂಚಿಗೆ ಹೋಗಿ ಕೂತ. ರೇವವ್ವ ಪಕ್ಕಕ್ಕೆ ಬಂದು ಸೆರಗಿನ ಮರೆಯಲ್ಲಿ ಪಿಸುಗುಟ್ಟಿದಳು: "ಬೀಗರ ಮುಂದ ಮಾನ ಹೋಗಬಾರ್ದಂತ ಮನ್ಯಾಗಿನ ಗಡಿಗಿ ಜೋಳ ತಂದು ಸುರುವಿದ್ನಿ, ಬೀರಣ್ಣನ ಅಪ್ಪಾ. ಅವ್ರು ನೀರ ಕುಡ್ಯಾಕ ಹಳ್ಳಕ್ಕ ಹೋಗಿದ್ರು. ಯಾರೂ ನೋಡಲಿಲ್ಲ."

ಇನ್ನೊಂದು ಪಕ್ಕಕ್ಕೆ ಪರಸಪ್ಪ ಜರುಗಿ ಕೂತ. "ಬೀಗರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಕ ಮಂದ್ಯಾಗ ನಿಮ್ಮ ತಕ್ಕಡಿ ಮ್ಯಾಲೆ ಹೋದ್ರ ನನಗಽ ಅವಮಾನ. ನಿಮಗಂತ ತಂದಿದ್ದ ಅಗರಖೇಡದ ಬಿತ್ತೂ ಜೋಳ ಚೀಲಾನಽ ಸುರುವೇನಿ. ನಿಮ್ಮ ಮನಿಯಾಕಿ ಮನಿಗೆ ಹೋಗಿದ್ಲು. ಯಾರೂ ನೋಡಲಿಲ್ಲ."

ಸೋಮನಿಂಗ ಇಬ್ಬರನ್ನೂ ನೋಡಿದ. ನಗಬೇಕೋ, ಇದೇ ಜೋಳದ ರಾಶಿಯಲ್ಲಿ ತಲೆ ಹುಗಿದುಕೊಳ್ಳಬೇಕೋ ತಿಳಿಯಲಿಲ್ಲ.

ಬಸಂತರಾಯ ಲೆಕ್ಕ ಮಾಡಿದ. ಕನ್ನಡಕ ಒರೆಸಿಕೊಂಡು ಮತ್ತೆ ಮಾಡಿದ. ಆಮೇಲೆ ಅಳತೆಯ ಸರಪಳಿಯನ್ನು ನೆಲಕ್ಕೆ ಬಿಸಾಕಿದ.

"ಇಷ್ಟು ಜೋಳ ಈ ಭೂಮಿ ಮ್ಯಾಲೆ ಎಲ್ಲೂ ಬೆಳದಿಲ್ಲ! ಒಂದೊಂದು ದಂಟಿಗೆ ನಾಕ ನಾಕ ತೆನಿ ಹಚ್ಚಿದ್ರೂ ಇಷ್ಟು ಬರಂಗಿಲ್ಲ! ಇದನ್ನ ಬರದ್ರ ವಿಜಾಪುರದ ದೊಡ್ಡ ಸಾಹೇಬ್ರು ನನ್ನ ಹುಚ್ಚರ ದವಾಖಾನಿಗೆ ಕಳಸ್ತಾರ. ಪ್ರಯೋಗ ರದ್ದು!"

"ರದ್ದು ಅಂದ್ರ ಕೊಯ್ಕೋಬಹುದಲ್ರಿ?" ಎಂದು ಸೋಮನಿಂಗ ಎದ್ದು ನಿಂತ. ಬೆಳಗಿನಿಂದ ಅವನು ಕೇಳಿದ ಮೊದಲ ಒಳ್ಳೆಯ ಮಾತು ಅದು.

"ಎಲ್ಲಿ ಕೊಯ್ತಿ? ರದ್ದಾದ್ರ ಮತ್ತ ಪ್ರಯೋಗ. ಇದಽ ಹೊಲ, ಬ್ಯಾರೆ ಚೀಟಿ, ಬ್ಯಾರೆ ಗೂಟ. ದೊಡ್ಡ ಸಾಹೇಬ್ರ ಹುಕುಂ ಬರೂತನಕ ಒಂದು ತೆನಿ ಮುಟ್ಟಂಗಿಲ್ಲ."

"ಮತ್ತ ಊರಿನ ಲೆಕ್ಕಾ?" ಎಂದ ಗೌಡ, ಮೀಸೆ ನಿಧಾನಕ್ಕೆ ಮೇಲೇಳುತ್ತ.

"ಅದನ್ನ ತಡ್ಯಾಕ ಬರಂಗಿಲ್ಲ, ಇದಽ ವಾರ ಕಳಸಬೇಕು. ಅಳತಿ ಕೆಟ್ಟಾಗ ಕಾಯ್ದೆ ಪ್ರಕಾರ ಊರ ಹಿರ್ಯಾರ ಕಣ್ಣಂದಾಜು ಬರಕೋತೇವಿ." ಬಸಂತರಾಯ ಸೋತ ದನಿಯಲ್ಲಿ ಕೇಳಿದ, "ಹೇಳ್ರಿ ಗೌಡ್ರ, ನಿಮ್ಮ ಕಣ್ಣಿಗೆ ಬೆಳಿ ಹೆಂಗ ಕಾಣತೈತಿ?"

ಗೌಡ ತನ್ನ ಎರೆ ಹೊಲದ ಕಡೆ ತಿರುಗಿ, ಅಂಗೈಯನ್ನು ಹುಬ್ಬಿಗೆ ಹಿಡಿದು, ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟ. "ಏನೂ ಕಾಣವಲ್ದು, ಸಾಹೇಬ್ರ."

ಕಾಣದ್ದನ್ನು ಬಸಂತರಾಯ ಬರೆದುಕೊಂಡ. ಮಾಫಿ ಆಯಿತು. ಚೀಟಿ, ಗೂಟ, ಸರಪಳಿ, ತಕ್ಕಡಿ ಎಲ್ಲವೂ ಒಬ್ಬ ಗೌಡನ ಎರಡು ಕಣ್ಣಿಗೆ ಸಮನಾದವು.

ಪರಸಪ್ಪ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡ. "ಬೀಗರ, ನನ್ನ ಜೋಳದಾಗ ನಿಮ್ಮ ಜೋಳ ಎಷ್ಟೋ, ನನಗಂತೂ ತಿಳೀಲಿಲ್ಲ. ಖರೇ ರಾಶಿ ಆಗ್ಲಿ, ನೋಡ್ತೇನಿ. ಆಮ್ಯಾಲೆ ಮಾತು."

"ಹುಕುಂ ಬರಬೇಕಲ್ರಿ ರಾಶಿ ಆಗಾಕ!"

"ಬಂದಾಗ ಹೇಳಿಕಳಸ್ರಿ. ಹುಡುಗಿ ಅಲ್ಲಿತನಕ ಇದ್ರ ಇರ್ತಾಳ," ಎಂದು ಅವನು ಬಸ್ಸಿನ ದಾರಿ ಹಿಡಿದ.

ಹೋಗಲಿ, ಇವತ್ತಿನ ರೊಟ್ಟಿಗಾದರೂ ಜೋಳ ಉಳಿಯಿತಲ್ಲ ಎಂದು ರೇವವ್ವ ಗಡಿಗೆ ತಂದು ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬಸಂತರಾಯ ಕೈ ಅಡ್ಡ ಹಿಡಿದ.

"ಮುಟ್ಟಬ್ಯಾಡ ತಾಯಿ. ಇದು ಸಂಶಯದ ಮಾಲು. ಸೀಲ್ ಮಾಡಿ ವಿಜಾಪುರಕ್ಕ ಪರೀಕ್ಷಾಕ್ಕ ಕಳಸಬೇಕು."

ಮಲಿಕಸಾಬ ಅಷ್ಟೂ ಜೋಳವನ್ನು ಗೋಣಿಗೆ ತುಂಬಿ, ಬಾಯಿ ಹೊಲಿದು, ಅರಗು ಒತ್ತಿ, ಸೈಕಲ್ಲಿನ ಹಿಂದೆ ಬಿಗಿದ. ಗಡಿಗೆ ಬೋರಲು ಬಿದ್ದಿತ್ತು. ಸೈಕಲ್ ಹತ್ತುವ ಮೊದಲು ಅವನು ಸೋಮನಿಂಗನ ಭುಜ ತಟ್ಟಿ, ಮನಸ್ಸು ತುಂಬಿ ಹೇಳಿದ:

"ಏನಽ ಅನ್ನು ಸೋಮನಿಂಗಣ್ಣ, ನಿನ್ನಂಥಾವ್ರು ಕಡಿಮಿ. ಕಣಕ್ಕ ಬಂದ ಸರಕಾರಾನೂ ಬರಿಗೈಲೆ ಕಳಸಲಿಲ್ಲ ನೀ."

ಹಗ್ಗ ಬಿಚ್ಚಿಹೋದ ಚೌಕಕ್ಕೆ ಹಕ್ಕಿಗಳು ಆಗಲೇ ಇಳಿಯುತ್ತಿದ್ದವು. ಸೋಮನಿಂಗ ಒಂದೇ ಚಪ್ಪಲಿಯಲ್ಲಿ ಅಟ್ಟ ಹತ್ತಿ, ಬಾತ ಕೈಯಿಂದ ಕವಣೆ ಎತ್ತಿಕೊಂಡ.