ಐದೂವರೆ ಲಕ್ಷದ ಒಡೆಯರು

ಗಣಿತದ ಮೇಷ್ಟ್ರ ಕೈಗೆ ಯಾವ ಕಾಗದ ಕೊಟ್ಟರೂ ಕಣ್ಣು ಮೊದಲು ಹೋಗುವುದು ಅಂಕಗಳ ಮೇಲೆ. ಎರಡು ವಾರದಿಂದ ಬಿಡದ ಸಣ್ಣ ಜ್ವರಕ್ಕೆಂದು ಡಾಕ್ಟರು ಬರೆದುಕೊಟ್ಟ ರಕ್ತಪರೀಕ್ಷೆಯ ರಿಪೋರ್ಟು ಬಂದಾಗಲೂ ಅವರು ಅದನ್ನು ಓದಲಿಲ್ಲ, ಮೌಲ್ಯಮಾಪನ ಮಾಡಿದರು. ಇ.ಎಸ್.ಆರ್. ಮಿತಿಗಿಂತ ಮೂರು ಪಟ್ಟು. ಸಿ.ಆರ್.ಪಿ. ಇನ್ನೂ ಮುಂದೆ. ಪ್ಲೇಟ್‌ಲೆಟ್ಟಂತೂ ಐದೂವರೆ ಲಕ್ಷ. ಮೂರರ ಪಕ್ಕದಲ್ಲೂ ದಪ್ಪಗೆ ‘ಎಚ್’ ಅಂತ ಅಚ್ಚಾಗಿತ್ತು.

“ನೋಡೇ, ಮೂರು ವಿಷಯದಲ್ಲಿ ಡಿಸ್ಟಿಂಕ್ಷನ್,” ಎಂದರು.

ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ತಲೆ ಎತ್ತಿದರು. “ಎಚ್ ಅಂದ್ರೇನು?”

“ಹೆಚ್ಚು. ಅಂದ್ರೆ ಹೆಮ್ಮೆ.”

“ನನಗ್ಯಾಕೋ ಎಚ್ಚರಿಕೆ ಅನ್ಸುತ್ತೆ ರೀ.”

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. (ಐದೂವರೆ ಲಕ್ಷ ಇದ್ದವರಿಗೆ ಲಕ್ಷ್ಯ ಕಡಿಮೆ.) ಪ್ಲೇಟ್‌ಲೆಟ್ ಎಂಬ ಶಬ್ದ ಅವರ ಕಿವಿಗೆ ಬಿದ್ದದ್ದೇ ಹೋದ ವರ್ಷ, ಹೆಂಡತಿಯ ತಮ್ಮನಿಗೆ ಡೆಂಗಿ ಬಂದಾಗ. ಅವನದು ಅರವತ್ತು ಸಾವಿರಕ್ಕೆ ಇಳಿದಿತ್ತು, ಮನೆಮಂದಿಯೆಲ್ಲ ಕಂಗಾಲಾಗಿದ್ದರು. ಇಳಿದರೆ ಅಪಾಯ, ಆದ್ದರಿಂದ ಏರಿದರೆ ಆರೋಗ್ಯ. ಗಣಿತ ಅಂದಮೇಲೆ ಇಷ್ಟೇ ತಾನೆ? ತಡಮಾಡದೆ ಭಾವಮೈದನಿಗೆ ಫೋನು ಹಚ್ಚಿದರು.

“ಏನಪ್ಪಾ, ಆಗ ನಿಂದು ಅರವತ್ತು ಸಾವಿರ ಅಲ್ವಾ? ನಂದು ಐದೂವರೆ ಲಕ್ಷ.”

“ಅದಿರ್ಲಿ ಭಾವ. ಮಾತು ಯಾಕೆ ತೊದಲ್ತಾ ಇದೆ? ಬಾಯಲ್ಲೇನಿದೆ?”

“ಲವಂಗ,” ಎಂದು ಫೋನಿಟ್ಟರು.

ಅಸಲು ಸಂಗತಿ ಇದ್ದದ್ದೇ ಲವಂಗದ ಕೆಳಗೆ. ಎಡಗಡೆಯ ದವಡೆಹಲ್ಲು ತಿಂಗಳಿಂದ ಪ್ರಾಣ ಹಿಂಡುತ್ತಿತ್ತು. ಬಾಯಿ ಬಿಡುವ ಹಾಗಿರಲಿಲ್ಲ. ಯಾಕೆಂದರೆ ಭಾವಮೈದ ಹಲ್ಲಿನ ಡಾಕ್ಟರು. ತರಗತಿಯನ್ನೆಲ್ಲ ಗದರಿಸಿ ಕೂರಿಸುವ ಮೇಷ್ಟ್ರಿಗೆ ಜಗತ್ತಿನಲ್ಲಿ ಹೆದರಿಕೆ ಅಂತ ಇದ್ದದ್ದು ಆ ಒರಗು ಕುರ್ಚಿಯೊಂದಕ್ಕೇ. ಅದರಲ್ಲೂ ತಾವು ವರ್ಷವಿಡೀ ಆಡಿಕೊಂಡ ಹುಡುಗನ ಕೈಗೆ ಬಾಯಿ ಒಪ್ಪಿಸುವುದೆಂದರೆ ಪ್ರಾಣ ಒಪ್ಪಿಸಿದ ಹಾಗೆ.

ಸಂಜೆ ಡಾಕ್ಟರ ಮುಂದೆ ರಿಪೋರ್ಟನ್ನು ಪ್ರಶಸ್ತಿಪತ್ರದ ಗತ್ತಿನಲ್ಲೇ ಇಟ್ಟರು.

“ಮೇಷ್ಟ್ರೇ, ಮೈಯಲ್ಲಿ ಎಲ್ಲೋ ಉರಿಯೂತ ಇದೆ. ಮೊದಲ ಎರಡೂ ಅದನ್ನೇ ಕೂಗಿ ಹೇಳ್ತಿವೆ,” ಎಂದರು ಡಾಕ್ಟರು.

“ಪ್ಲೇಟ್‌ಲೆಟ್ ಚೆನ್ನಾಗಿದೆಯಲ್ಲ?”

“ಅದೂ ಅದಕ್ಕೇ ಏರಿರೋ ಹಾಗಿದೆ. ಮನೆ ಮುಂದೆ ಪೊಲೀಸರು ಜಾಸ್ತಿ ನಿಂತಿದ್ದಾರೆ ಅಂತ ಯಾರಾದ್ರೂ ಹೆಮ್ಮೆ ಪಡ್ತಾರಾ? ಒಳಗೆ ಏನಾಗಿದೆ ಅಂತ ನೋಡ್ಬೇಕು. ಎಲ್ಲಿ ಅನ್ನೋದನ್ನ ಈ ಕಾಗದ ಹೇಳಲ್ಲ, ನೀವೇ ಹೇಳ್ಬೇಕು. ನೋವು ಎಲ್ಲಾದ್ರೂ ಇದೆಯಾ?”

“ಎಲ್ಲೂ ಇಲ್ಲ,” ಎಂದರು ಮೇಷ್ಟ್ರು, ಖಡಾಖಂಡಿತವಾಗಿ.

“ಹಾಗಿದ್ರೆ ತಲೆಯಿಂದ ಕಾಲಿನವರೆಗೆ ಒಂದೊಂದೇ ಪರೀಕ್ಷೆ ಮಾಡಿಸ್ತಾ ಹೋಗೋಣ.”

ಜೊತೆಗೆ ಬಂದಿದ್ದ ಹೆಂಡತಿ ಅಷ್ಟು ಹೊತ್ತೂ ಗಂಡನ ಮುಖವನ್ನು ಬಟ್ಟೆ ಅಳೆಯುವ ಹಾಗೆ ಅಳೆಯುತ್ತಿದ್ದರು. “ಡಾಕ್ಟ್ರೇ, ಅಷ್ಟು ದೂರ ಹೋಗೋದು ಬೇಡ. ಇವರ ಎಡಗೆನ್ನೆ ಬಲಗೆನ್ನೆಗಿಂತ ಅರ್ಧ ಇಂಚು ಹೆಚ್ಚಿದೆ. ನನ್ನ ಕಣ್ಣಳತೆ ತಪ್ಪಲ್ಲ. ಲವಂಗದ ಡಬ್ಬಿ ಬೇರೆ ಖಾಲಿ.”

ಡಾಕ್ಟರು ಕೆನ್ನೆಯ ಮೇಲೆ ಬೆರಳಿಟ್ಟದ್ದಷ್ಟೇ. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದರು. “ಹಲ್ಲಿನ ಬುಡದಲ್ಲಿ ಕೀವಾಗಿರೋ ಹಾಗಿದೆ, ಈಗಲೇ ಹಲ್ಲಿನ ಡಾಕ್ಟರಿಗೆ ತೋರಿಸಿ,” ಎಂದರು ಡಾಕ್ಟರು.

“ಉರಿ ನನಗೆ, ಊತ ಇವರಿಗೆ,” ಎಂದರು ಹೆಂಡತಿ. ಆದರೂ ಮೆಟ್ಟಿಲಿಳಿಯುವಾಗ ಗಂಡನ ತೋಳು ಹಿಡಿದುಕೊಂಡರು. “ಕೀವು ರಕ್ತಕ್ಕೆ ಸೇರಿದ್ರೆ ಏನ್ರೀ ಗತಿ? ನನಗೆ ಒಂದು ಮಾತು ಹೇಳಬಾರದಿತ್ತಾ?” ಮೇಷ್ಟ್ರು ಕೆನ್ನೆ ಹಿಡಿದುಕೊಂಡೇ ಆಟೋ ಹತ್ತಿದರು. ಸ್ವಲ್ಪ ಹೊತ್ತಿಗೆ ಅದು ಭಾವಮೈದನ ಕ್ಲಿನಿಕ್ಕಿನ ಮುಂದೆ ನಿಂತಿತ್ತು.

ಕುರ್ಚಿ ಹಿಂದಕ್ಕೆ ಒರಗಿತು, ದೀಪ ಕೆಳಗಿಳಿಯಿತು. ಬಾಯೊಳಗೆ ಹತ್ತಿ, ಕನ್ನಡಿ, ನಾಲ್ಕು ಬೆರಳು. ಭಾವಮೈದ ಇಣುಕಿ ನೋಡಿ, ಮೆಚ್ಚಿದವನ ಹಾಗೆ ತಲೆದೂಗಿದ.

“ಭಾವ, ಬೆಳಿಗ್ಗೆ ಅಕ್ಕನಿಗೆ ಏನೋ ಪಾಠ ಮಾಡಿದ್ರಂತಲ್ಲ. ಎಚ್ ಅಂದ್ರೆ ಏನು ಅಂತ?”

“ಹ... ಹ...” ಎಂದರು ಮೇಷ್ಟ್ರು. ‘ಹೆಚ್ಚು’ ಅನ್ನಬೇಕೆಂದೇ ಇತ್ತು. ಚುಚ್ಚಿದ ಸೂಜಿಮದ್ದಿಗೆ ನಾಲಿಗೆ ಆಗಲೇ ಮರಗಟ್ಟಿತ್ತು. “ಹ... ಲ್ಲು...”

“ಸರಿಯುತ್ತರ,” ಎಂದ ಭಾವಮೈದ, ಇಕ್ಕಳ ಎತ್ತಿಕೊಳ್ಳುತ್ತಾ. “ಪೂರ್ತಿ ಅಂಕ ಕೊಡು ಅಕ್ಕಾ.”