ಕ್ಯಾತಮ್ಮ ಎಂಬ ಚಂಡಮಾರುತ

ಈ ಸಂಗತಿಯನ್ನು ಮೊದಲು ಹೇಳಿದವರು ಚಿಕ್ಕನಾಯಕನಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ರಹಮತುಲ್ಲಾ ಸಾಹೇಬರು. ಅವರ ಅಳತೆ ಒಮ್ಮೊಮ್ಮೆ ತಪ್ಪುವುದುಂಟು, ಮಾತು ತಪ್ಪಿದ್ದಿಲ್ಲ. ಆದ್ದರಿಂದ ದೇವರ ಮೇಲೆ ಭಾರ ಹಾಕಿ, ಕೇಳಿದ್ದನ್ನು ಕೇಳಿದಂತೆಯೇ ಬರೆಯಲಾಗಿದೆ.

ಚಂಡಮಾರುತದ ಭಯ ಕಡಿಮೆಯಿರುವ ಕರಾವಳಿ ಊರನ್ನು ಆರಿಸಿ, ಅಲ್ಲಿ ಜನ ನೆಮ್ಮದಿಯಾಗಿ ಮನೆ ಮಾಡಿಕೊಳ್ಳಲು ಅನುವು ಮಾಡಿಕೊಡಬೇಕೆಂದು ಸುರಕ್ಷಿತ ಕರಾವಳಿ ವಾಸ ಮಂಡಳಿ ಎಂಬುದೊಂದು ಸ್ಥಾಪನೆಯಾಯಿತು. ಮಂಡಳಿ ಎರಡು ಲಕ್ಷಣಗಳನ್ನು ಗೊತ್ತುಮಾಡಿತು. ಕಣ್ಣು ಹಾಯಿಸಿದಷ್ಟೂ ತೆಂಗಿರಬೇಕು, ಚಂಡಮಾರುತ ಬೀಸಿರಬಾರದು. ಸಮುದ್ರದ ದಂಡೆಯ ಊರುಗಳೆಲ್ಲ ಎರಡನೆಯದರಲ್ಲಿ ಅನುತ್ತೀರ್ಣವಾದವು. ಎರಡರಲ್ಲೂ ತೇರ್ಗಡೆಯಾದದ್ದು ಬಿಳಿಗೆರೆಯಿಂದಾಚೆ ಇರುವ ಚಿತ್ತಯ್ಯನ ಹಟ್ಟಿ. ಸಮುದ್ರವೆಲ್ಲಿ ಎಂದು ಸದಸ್ಯರೊಬ್ಬರು ಕೇಳಿದ್ದಕ್ಕೆ, "ಅಪಾಯದ ಮೂಲವನ್ನು ಘಟ್ಟದ ಆಚೆಗೆ ಇರಿಸಲಾಗಿದೆ" ಎಂಬ ಉತ್ತರ ದೊರೆಯಿತು. ಸದಸ್ಯರು ತೃಪ್ತರಾದರು.

ಗಾಳಿಯನ್ನು ಪರೀಕ್ಷಿಸಲು ಮಂಡಳಿಯ ಅಧಿಕಾರಿ ಮಲ್ಲಿಕಾರ್ಜುನಯ್ಯನವರು ಖುದ್ದಾಗಿ ಬಂದರು. ಹಟ್ಟಿಯ ಹೆಸರನ್ನೇ ಹೊತ್ತಿದ್ದ ರೈತ ಚಿತ್ತಯ್ಯನ ಮನೆಯಲ್ಲಿ ನೀರು ಕುಡಿಯಲು ತಲೆ ಎತ್ತಿದಾಗ ಅಟ್ಟ ಕಂಡಿತು.

"ಇವೇನಯ್ಯ ಮೇಲೆ?"

"ಕಾಯಿ ಸ್ವಾಮಿ. ಉಂಡೆ ಕೊಬ್ಬರಿಗೆ ಏರ್ಸಿರೋದು. ನೀರೆಲ್ಲ ಒಳಗೇ ಇಂಗಿ ಕೊಬ್ಬರಿ ಆಗಕ್ಕೆ ಹೆಚ್ಚುಕಮ್ಮಿ ಒಂದ್ ವರ್ಷ ಬೇಕು."

"ಅಲ್ಲಿಯವರೆಗೂ ಅಲ್ಲಾಡುವುದಿಲ್ಲವೆ?"

ತೆಂಗಿನ ಸೀಮೆಯವನ ಎದುರು ಅವನ ಅಟ್ಟದ ಮಾತೆತ್ತಿದರೆ ನಾಲಿಗೆ ನಿಲ್ಲದು. "ಅಲ್ಲಾಡದಾ? ನಮ್ಮಟ್ಟದಾಗೆ ಇಲೀನೂ ಅಪ್ಪಣೆ ಕೇಳ್ಕಂಡು ಓಡಾಡ್ತದೆ. ಮಡಗಿದ ಕಾಯಿ ಮಡಗಿದ ಜಾಗ ಬುಟ್ಟಿಲ್ಲ" ಎಂದುಬಿಟ್ಟ ಚಿತ್ತಯ್ಯ.

ವರ್ಷವಿಡೀ ಗಾಳಿ ಬೀಸಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮಲ್ಲಿಕಾರ್ಜುನಯ್ಯ ಅಟ್ಟಕ್ಕೆ ಕೈಮುಗಿದರು. ಮಾರನೆಯ ದಿನವೇ ಏಣಿಗೆ ಅರಗಿನ ಮೊಹರು ಬಿತ್ತು. ಬಾಗಿಲಿಗೆ ಪ್ರಕಟಣೆ ಅಂಟಿತು:

"ಸಾರ್ವಜನಿಕರ ಗಮನಕ್ಕೆ. ಸದರಿ ಅಟ್ಟವು ಮಂಡಳಿಯ ಮಾರುತ ವೀಕ್ಷಣಾಲಯವಾಗಿರುತ್ತದೆ. ಸದರಿ ಕಾಯಿಗಳು ಸರ್ಕಾರಿ ಕರ್ತವ್ಯದಲ್ಲಿರುತ್ತವೆ. ಚಂಡಮಾರುತದ ಹೊರತು ಅನ್ಯ ಕಾರಣಕ್ಕೆ ಅವುಗಳನ್ನು ಕದಲಿಸತಕ್ಕದ್ದಲ್ಲ."

ಹಟ್ಟಿ ಕರಾವಳಿಯಾಯಿತು. ರಾಗಿ ಹೊಲದ ಬದುವಿನ ಮೇಲೆ 'ಕಡಲತೀರ ರಸ್ತೆ' ಎಂಬ ಹಲಗೆ ನಿಂತಿತು. ಹಲಗೆಯ ಹಿಂದೆ ಡಾಂಬರು ಬಂತು, ಡಾಂಬರಿನ ಹಿಂದೆ ಬಸ್ಸು ಬಂತು. ಮನೆಗೊಂದು ಲೈಫ್ ಜಾಕೆಟ್ ಹಂಚಿದರು. ಚಳಿಯಲ್ಲಿ ಕುರಿ ಕಾಯಲು ಅದು ಬಹಳ ಬೆಚ್ಚಗಿತ್ತು.

ಹೀಗಿರುವಾಗ ದಬ್ಬೇಘಟ್ಟಕ್ಕೆ ಕೊಟ್ಟಿದ್ದ ಚಿತ್ತಯ್ಯನ ಮಗಳು ಸುನಿತಾ ಅಲ್ಲೇ ಎರಡನೆಯ ಮಗು ಹೆತ್ತ ಸುದ್ದಿ ಬಂತು. ಬಾಣಂತಿಗೆ ತವರಿನ ಅಟ್ಟದ ಕೊಬ್ಬರಿ ಹೋಗಬೇಕು. ಬೆಲ್ಲ ಕೂಡಿಸಿ ಉಂಡೆ ಕಟ್ಟಬೇಕು.

"ಅಂಗಡೀಲಿ ತಂದ್ರಾಯ್ತದೆ ಬುಡೇ" ಎಂದ ಚಿತ್ತಯ್ಯ.

ಹೆಂಡತಿ ಕ್ಯಾತಮ್ಮ ಕೈಲಿದ್ದ ಮೊರವನ್ನು ಕೆಳಗಿಟ್ಟಳು. "ಅಟ್ಟದ ತುಂಬ ಕಾಯಿ ಮಡಗ್ಕಂಡು ಅಂಗಡಿ ಕೊಬ್ಬರಿ ಹೊತ್ಕಂಡು ಹೋಗ್ತೀಯಾ? ಆ ಬೀಗಿತಿ ಮಂಜಮ್ಮ ಕಿವಿ ಹತ್ರ ಅಲ್ಲಾಡಿಸಿ, ಯಾವ ಅಟ್ಟದ್ದು ಅಂತ ಹೇಳೋಳು. ನನ್ ಮಗಳು ಆ ಮನೇಲಿ ತಲೆ ಎತ್ತಂಗೈತಾ? ಹೋಗು, ಕೇಳ್ಕಂಡ್ ಬಾ."

ಚಿತ್ತಯ್ಯ ಕಚೇರಿಗೆ ಹೊರಟ. ಬಸ್ಸು ತಂದವನು ತಾನೇ ಎಂದು ಊರಿಗೆಲ್ಲ ಹೇಳಿಕೊಂಡಿದ್ದ ಪಂಚಾಯ್ತಿ ಮೆಂಬರ್ ಜುಂಜೇಶನೂ ಜೊತೆಗೆ ಹತ್ತಿದ.

"ಕಾಯಿ ಇಳಿಸಲು ನಿಯಮದಲ್ಲಿ ಧಾರಾಳ ಅವಕಾಶವಿದೆ" ಎಂದರು ಮಲ್ಲಿಕಾರ್ಜುನಯ್ಯ. "ಕಾರಣ ಮಾತ್ರ ಚಂಡಮಾರುತವಾಗಿರಬೇಕು."

"ಮಗಳು ಹೆತ್ತವ್ಳೆ ಸ್ವಾಮಿ. ಅದ್ನೇ ಬರ್ಕಳಿ."

"ಹೆರಿಗೆಯು ಪ್ರಕೃತಿ ವಿಕೋಪದಲ್ಲಿ ಬರುವುದಿಲ್ಲ."

"ಅವಳತ್ತೇನ ನೀವು ನೋಡಿಲ್ಲ."

ಅಧಿಕಾರಿಗಳು ಆಲೋಚಿಸಿದರು. ಅತ್ತೆ ದಬ್ಬೇಘಟ್ಟದಲ್ಲಿ ನೆಲೆಸಿರುವುದರಿಂದ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ವಿಷಾದಿಸಿದರು.

"ಹಂಗಾರೆ ಚಂಡಮಾರುತ ಬಂತು ಅಂತ್ಲೇ..."

ಜುಂಜೇಶ ಪಕ್ಕೆಗೆ ತಿವಿದ. "ಲೇ, ಬಾಯ್ ಮುಚ್ಚಲಾ! ಗಾಳಿ ಬೀಸ್ತು ಅಂತ ಬರೆದ್ರೆ ನಾವು ಕರಾವಳಿಯಿಂದ ಔಟು. ಬಸ್ ಹೋಯ್ತು ಕಣ್ಲಾ."

ಹಟ್ಟಿಯ ಮಕ್ಕಳು ಆ ಬಸ್ಸಿನಲ್ಲೇ ಹೈಸ್ಕೂಲಿಗೆ ಹೋಗುತ್ತಿದ್ದರು. ಚಿತ್ತಯ್ಯ ಬಾಯಿ ಮುಚ್ಚಿದ. ದಾರಿಯುದ್ದಕ್ಕೂ ಮಗಳ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು.

ಕ್ಯಾತಮ್ಮ ಎಲ್ಲವನ್ನೂ ಕೇಳಿ ಎಲೆಯಡಿಕೆ ಉಗಿದಳು. "ಗಾಳಿ ನಮ್ಮನೆ ಒಳಗೇ ಎದ್ದು ಒಳಗೇ ಇಳಿದ್ರೆ ಊರಿಗೇನ್ ಆಯ್ತದೆ? ಇಷ್ಟು ವರ್ಷ ನಾನು ನಿನ್ನ ಬೈದಿದ್ದು ಹೊಸಲು ದಾಟೈತಾ?"

ದಾಟಿಲ್ಲವೆಂದು ಚಿತ್ತಯ್ಯ ಒಪ್ಪಿಕೊಂಡ.

ಚಿತ್ತಯ್ಯ ಕಚೇರಿಗೆ ಒಯ್ದ ಈ ವಾದವನ್ನು ಮಂಡಳಿಯು ಕೂಲಂಕಷವಾಗಿ ಪರಿಶೀಲಿಸಿ ತಿದ್ದುಪಡಿ ಹೊರಡಿಸಿತು. "ಹೊಸಲು ದಾಟದ ಚಂಡಮಾರುತವು ಸದರಿ ಕುಟುಂಬದ ಖಾಸಗಿ ವಿಷಯವಾಗಿದ್ದು, ಕರಾವಳಿಯ ಸುರಕ್ಷತೆಗೆ ಬಾಧಕವಲ್ಲ. ಪ್ರತಿ ಕುಟುಂಬವು ವರ್ಷಕ್ಕೊಂದು ಚಂಡಮಾರುತಕ್ಕೆ ಅರ್ಹವಾಗಿರುತ್ತದೆ. ಚಂಡಮಾರುತಕ್ಕೆ ಹೆಸರಿಡುವುದು ಕಡ್ಡಾಯ."

ಏನು ಹೆಸರು ಎಂದು ಕೇಳಿದಾಗ ಚಿತ್ತಯ್ಯ ತಡವರಿಸಲಿಲ್ಲ.

ಒಳ್ಳೆಯ ಸೋಮವಾರ ನೋಡಿ, ಮನೆದೇವರ ಪೂಜೆ ಮುಗಿದ ಮೇಲೆ ಚಂಡಮಾರುತ ಕ್ಯಾತಮ್ಮ ಅಪ್ಪಳಿಸಿತು. ಫ್ಯಾನಿಗೆ ಕರೆಂಟಿರಲಿಲ್ಲವಾಗಿ ಕ್ಯಾತಮ್ಮನೇ ಮೊರ ಹಿಡಿದು ಅಟ್ಟದ ಕಡೆಗೆ ಬೀಸಿದಳು. ಮಲ್ಲಿಕಾರ್ಜುನಯ್ಯ ಲೈಫ್ ಜಾಕೆಟ್ ತೊಟ್ಟು ಕಂಬ ಹಿಡಿದು ನಿಂತಿದ್ದರು. ಚಿತ್ತಯ್ಯ ಏಣಿ ಹತ್ತಿ, ಕಾಯಿ ಇಳಿಸಿ, ಕಿವಿಯ ಬಳಿ ಅಲ್ಲಾಡಿಸಿದ. ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಉರುಳಿತು. ಅಧಿಕಾರಿಗಳೂ ಕಿವಿಗೊಟ್ಟು ಆಲಿಸಿ, "ಅಲೆಗಳ ಅಬ್ಬರ ಸಾಧಾರಣ, ಪ್ರಾಣಹಾನಿ ಇಲ್ಲ" ಎಂದು ವರದಿ ಮಾಡಿದರು. ಹೋಗುವಾಗ ಸಂತ್ರಸ್ತರ ಪರವಾಗಿ ಒಂದು ಚೀಲ ಕೊಬ್ಬರಿಯನ್ನು ಜೀಪಿಗೆ ಹಾಕಿಸಿಕೊಂಡರು.

ಉಳಿದದ್ದನ್ನು ಗಂಡಹೆಂಡಿರು ದಬ್ಬೇಘಟ್ಟಕ್ಕೆ ಒಯ್ದರು. ಮಂಜಮ್ಮ ಒಂದು ಕಾಯಿ ತೆಗೆದು ಕಿವಿಗೆ ಹಿಡಿದಳು. ಚಿತ್ತಯ್ಯ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡ.

"ಅಟ್ಟದ್ದೇ" ಎಂದಳು ಮಂಜಮ್ಮ. ಆಮೇಲೆ, "ಯಾವ ಚಂಡಮಾರುತದ್ದು?"

"ಕ್ಯಾತಮ್ಮಂದು."

"ಪೇಪರ್‌ನಾಗೆ ಬಂದಿತ್ತು ಕಣಣ್ಣ. ಒಳ್ಳೇ ಗಾಳಿಯಂತೆ." ಮಂಜಮ್ಮ ಬೀಗಿತಿಯನ್ನು ಗೌರವದಿಂದ ನೋಡಿ ಹೊಸ ಚಾಪೆ ಹಾಸಿದಳು. ಒಳಕೋಣೆಯಿಂದ ಸುನಿತಾ ನಕ್ಕದ್ದು ಕೇಳಿಸಿತು.

ಈಗ ಕೊಬ್ಬರಿ ಇಳಿಸುವ ಕಾಲ ಬಂತೆಂದರೆ ಹಟ್ಟಿಯ ಮನೆಮನೆಯಲ್ಲೂ ಚಂಡಮಾರುತ. "ನಿಮ್ಮನೇದು ಯಾವಾಗಣ್ಣ?" "ಅಮಾಸೆ ಕಳೀಲಿ ಬುಡು" ಎಂದು ಮಾತಾಡಿಕೊಳ್ಳುತ್ತಾರೆ. ಗಾಳಿಯ ಭಯವಿಲ್ಲದ ಕರಾವಳಿ ಎಂಬ ಕೀರ್ತಿಗೆ ಇನಿತೂ ಕುಂದು ಬಂದಿಲ್ಲ.

ಕೇಳಿದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳಬಾರದೆಂದು ಕೋರಿಕೆ. ಕಡಲ ದಂಡೆಯಲ್ಲಿ ನಿರ್ಭಯವಾದ ಮನೆ ಹುಡುಕುವವರು ಎದುರಾದರೆ ಅಗತ್ಯವಾಗಿ ತಿಳಿಸಿ. ಹೊರಡುವ ಮುಂಚೆ ಚಂಡಮಾರುತಕ್ಕೊಂದು ಹೆಸರು ಯೋಚಿಸಿಟ್ಟುಕೊಳ್ಳಲಿ. ಒಳ್ಳೆಯ ಹೆಸರುಗಳು ಬೇಗ ಮುಗಿಯುತ್ತಿವೆ.